ಸ್ವರ್ಗಕ್ಕೂ ಕರಬೂಜದ ತೋಟಕ್ಕೂ ಒಂದೇ ಪದ

ಇರಾನಿನವರು ತಮ್ಮ ಭಾಷೆಗೆ ಹೇಳೋದು 'ಫಾರ್ಸಿ' ಅಂತ. ಮೂಲ ಹೆಸರು 'ಪಾರ್ಸಿ'. ಅರಬ್ಬಿಯಲ್ಲಿ 'ಪ' ಇಲ್ಲ, ಹಾಗಾಗಿ 'ಫ' ಆಯ್ತು. ಕೊನೆಗೆ ಮನೆಯವರ ಬಾಯಲ್ಲೂ ಅದೇ ನಿಂತಿತು.

ಇದಕ್ಕಿಂತ ನನಗಿಷ್ಟವಾದದ್ದು 'ಫಿರ್ದೌಸ್' ಕಥೆ. ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯಲ್ಲಿ 'ಪೈರಿದಯೇಜ' ಅಂದ್ರೆ ಸುತ್ತ ಗೋಡೆ ಕಟ್ಟಿದ ಜಾಗ, ಅಷ್ಟೇ. ಗ್ರೀಕರು ಈ ಪದವನ್ನು ಪರ್ಷಿಯಾದ ರಾಜರ ಉದ್ಯಾನಗಳಿಗೆ ಬಳಸಿದರು. ಬೈಬಲ್ಲಿನ ಗ್ರೀಕ್ ಅನುವಾದದಲ್ಲಿ ಏದೆನ್ ತೋಟಕ್ಕೂ ಅದೇ ಪದ. ಕುರಾನಿನ ಅರಬ್ಬಿಯಲ್ಲಿ ಅದು 'ಫಿರ್ದೌಸ್', ಅಂದರೆ ಸ್ವರ್ಗ! ಆ ರೂಪದಲ್ಲೇ ಇರಾನಿಗೆ ವಾಪಸ್ ಬಂತು. ಊರು ಬಿಡದೆ ಉಳಿದ ಪದ ಅಷ್ಟರಲ್ಲಿ ಸವೆದು 'ಪಾಲೀಜ್' ಆಗಿತ್ತು: ಕರಬೂಜ, ಸೌತೆ ಬೆಳೆಯೋ ತೋಟ. (ನಮ್ಮ 'ಕರಬೂಜ'ವೂ ಪರ್ಷಿಯನ್ನಿನದೇ ಅನ್ನಿ.)

1935ರಲ್ಲಿ, ರೆಜಾ ಶಾ ಕಾಲದಲ್ಲಿ, ತೆಹರಾನಿನಲ್ಲಿ ಭಾಷಾ ಅಕಾಡೆಮಿ ಶುರುವಾಯ್ತು. ಅರಬ್ಬಿ ಪದಗಳನ್ನು ತೆಗೆದು ಪರ್ಷಿಯನ್ ಪದ ಕೂರಿಸೋದು ಅದರ ಮುಖ್ಯ ಕೆಲಸ. ಹಾಗಾದ್ರೆ 'ಫಿರ್ದೌಸ್' ಯಾರದು? ನನ್ನನ್ನು ಕೇಳಿದ್ರೆ, ಇಬ್ಬರದೂ. ಅರಬ್ಬಿ ಪದಗಳನ್ನು ತೀರಾ ಕಡಿಮೆ ಬಳಸಿ 'ಶಾನಾಮೆ' ಬರೆದ, ಪರ್ಷಿಯನ್ ಉಳಿಸಿದವನೆಂದು ಇರಾನಿಗರು ಕೊಂಡಾಡುವ ಕವಿಯ ಹೆಸರೇ ಫಿರ್ದೌಸಿ!