ಬೂದಿ ಕವಿದ ಆಕಾಶ, ಕಾದು ಕುಳಿತ ಯೂರೋಪ್

ಅದು 2010ರ ಏಪ್ರಿಲ್ ತಿಂಗಳ ನಡುಭಾಗ. ಈಸ್ಟರ್ ರಜೆ ಮುಗಿಯುತ್ತ ಬಂದಿತ್ತು. ಸ್ಪೇನ್, ಪೋರ್ಚುಗಲ್, ಇಟಲಿಗಳ ಬಿಸಿಲನ್ನು ಅರಸಿ ಹೋಗಿದ್ದ ಬ್ರಿಟನ್, ಐರ್ಲೆಂಡ್‌ನ ಕುಟುಂಬಗಳು ಊರಿಗೆ ಮರಳಲು ಗಂಟುಮೂಟೆ ಕಟ್ಟುತ್ತಿದ್ದವು. ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಕೆಲಸ ಕಾದಿತ್ತು. ಅಷ್ಟರಲ್ಲಿ ವಿಮಾನಗಳು ನಿಂತವು. ಏಪ್ರಿಲ್ 15ರ ಗುರುವಾರ ಬ್ರಿಟನ್ನಿನ ಆಕಾಶ ಮುಚ್ಚಿತು. ಒಂದೆರಡು ದಿನಗಳಲ್ಲಿ ಉತ್ತರ ಮತ್ತು ಮಧ್ಯ ಯೂರೋಪಿನ ಬಹುಪಾಲು ದೇಶಗಳು ಅದೇ ದಾರಿ ಹಿಡಿದವು. ಭಾನುವಾರದ ಹೊತ್ತಿಗೆ ಆ ಖಂಡದ ಪ್ರತಿ ಐದು ವಿಮಾನಗಳಲ್ಲಿ ನಾಲ್ಕು ನೆಲದ ಮೇಲಿದ್ದವು. ಒಂದು ವಾರದಲ್ಲಿ ರದ್ದಾದ ಹಾರಾಟಗಳು ಸುಮಾರು ಒಂದು ಲಕ್ಷ. ತೊಂದರೆಗೆ ಸಿಕ್ಕ ಪ್ರಯಾಣಿಕರು ಸುಮಾರು ಒಂದು ಕೋಟಿ. ನಮ್ಮ ಬೆಂಗಳೂರಿನಿಂದ ಲಂಡನ್, ಫ್ರಾಂಕ್‌ಫರ್ಟ್‌ಗೆ ಹೋಗಬೇಕಿದ್ದವರೂ ಕಾಯಬೇಕಾಯಿತು.

ಇಷ್ಟಕ್ಕೆಲ್ಲ ಕಾರಣವಾದದ್ದು ಐಸ್‌ಲ್ಯಾಂಡಿನ ಒಂದು ಜ್ವಾಲಾಮುಖಿ. ಅದರ ಹೆಸರು ಎಯ್ಯಾಫ್ಯಾಟ್ಲಾಯೋಕುಟ್ಲ್. ವಾರ್ತಾವಾಚಕರ ನಾಲಿಗೆಗೆ ಅದು ಎಷ್ಟು ಕಷ್ಟ ಕೊಟ್ಟಿತೆಂದರೆ, ಕೆಲವರು ಅದನ್ನು 'ಇ-15' ಎಂದು ಕರೆದು ಕೈತೊಳೆದುಕೊಂಡರು. ಮೊದಲಕ್ಷರ ಇ, ಉಳಿದವು 15 ಎಂಬ ಲೆಕ್ಕ. ದ್ವೀಪ, ಪರ್ವತ, ಹಿಮನದಿ ಎಂಬ ಮೂರು ಮಾತುಗಳು ಕೂಡಿ ಆದ ಹೆಸರದು.

ಈ ಪರ್ವತ 1821ರಿಂದ 1823ರವರೆಗೆ ಬೆಂಕಿ ಕಾರಿದ ಮೇಲೆ ಸುಮ್ಮನಿತ್ತು. 2010ರ ಮಾರ್ಚ್ 20ರಂದು ಅದರ ಪಕ್ಕದ ಕಣಿವೆದಾರಿಯಲ್ಲಿ ಲಾವಾ ಉಕ್ಕಿದಾಗ ಅದೊಂದು ಪ್ರವಾಸಿ ಆಕರ್ಷಣೆಯೇ ಆಯಿತು. ಏಪ್ರಿಲ್ 14ರಂದು ಸ್ಫೋಟವಾದದ್ದು ನೆತ್ತಿಯಲ್ಲಿ, ದಪ್ಪ ಹಿಮದ ಹೊದಿಕೆಯ ಅಡಿಯಲ್ಲಿ. ವ್ಯತ್ಯಾಸವೆಲ್ಲ ಇರುವುದು ಇಲ್ಲಿಯೇ. ಕುದಿಯುವ ಶಿಲಾರಸಕ್ಕೆ ಕರಗಿದ ಹಿಮದ ನೀರು ತಾಗಿದರೆ ಅದು ಥಟ್ಟನೆ ತಣಿದು, ಸಿಡಿದು, ನುಣ್ಣನೆಯ ಗಾಜಿನ ಪುಡಿಯಾಗುತ್ತದೆ. ನಾವು ಬೂದಿ ಎನ್ನುತ್ತೇವಾದರೂ ಒಲೆಯ ಬೂದಿಗೂ ಇದಕ್ಕೂ ಸಂಬಂಧವಿಲ್ಲ. ಇದು ಚೂಪಾದ ಅಂಚುಗಳುಳ್ಳ ಕಲ್ಲು-ಗಾಜಿನ ಹುಡಿ. ಹಲವು ಕಿಲೋಮೀಟರ್ ಎತ್ತರಕ್ಕೆ ಚಿಮ್ಮಿದ ಈ ಹುಡಿಯನ್ನು ಆಗ ಬೀಸುತ್ತಿದ್ದ ವಾಯವ್ಯದ ಗಾಳಿ ನೇರವಾಗಿ ಯೂರೋಪಿನತ್ತ ಒಯ್ದಿತು. ವಿಚಿತ್ರವೆಂದರೆ, ಆ ಮೊದಲ ದಿನಗಳಲ್ಲಿ ಲಂಡನ್, ಪ್ಯಾರಿಸ್ ವಿಮಾನ ನಿಲ್ದಾಣಗಳಿಗೆ ಬೀಗ ಬಿದ್ದಿದ್ದರೂ ಐಸ್‌ಲ್ಯಾಂಡಿನ ಮುಖ್ಯ ನಿಲ್ದಾಣ ತೆರೆದೇ ಇತ್ತು!

ಐಸ್‌ಲ್ಯಾಂಡಿನ ಜ್ವಾಲಾಮುಖಿ ಯೂರೋಪನ್ನು ಕಾಡಿದ್ದು ಅದೇ ಮೊದಲೇನೂ ಅಲ್ಲ. 1783ರಲ್ಲಿ ಲಾಕಿ ಎಂಬಲ್ಲಿ ನೆಲ ಬಿರಿದು ಎಂಟು ತಿಂಗಳು ಉರಿಯಿತು. ಅದರ ವಿಷಗಾಳಿ ಮತ್ತು ಬರಗಾಲಕ್ಕೆ ಐಸ್‌ಲ್ಯಾಂಡಿನ ಐದನೇ ಒಂದು ಭಾಗದಷ್ಟು ಜನ ಬಲಿಯಾದರು. ಯೂರೋಪಿನ ಮೇಲೆ ಒಣ ಮಂಜು ಕವಿಯಿತು. ಅದಕ್ಕೆ ಹೋಲಿಸಿದರೆ 2010ರದ್ದು ಸಣ್ಣದು. ಆದರೆ 1783ರಲ್ಲಿ ಯಾರೂ ವಿಮಾನದ ಟಿಕೆಟ್ ಹಿಡಿದು ನಿಂತಿರಲಿಲ್ಲ. ಐರೋಪ್ಯ ಒಕ್ಕೂಟ 1990ರ ದಶಕದಲ್ಲಿ ವಿಮಾನ ಮಾರ್ಗಗಳ ಮೇಲಿನ ಕಟ್ಟುಪಾಡುಗಳನ್ನು ಹಂತಹಂತವಾಗಿ ಸಡಿಲಿಸಿತು. ಅಗ್ಗದ ದರದ ಕಂಪನಿಗಳು ಬೆಳೆದವು. ಹಿಂದೆ ರೈಲು, ಹಡಗು ಹಿಡಿದು ಎರಡು ದಿನ ಸಾಗುತ್ತಿದ್ದ ಕುಟುಂಬಗಳು ಎರಡು ಮೂರು ಗಂಟೆಗಳಲ್ಲಿ ಕಡಲತೀರ ಸೇರುವಂತಾಯಿತು. ಆ ದೂರವೆಲ್ಲ ಮರೆತೇಹೋಗಿತ್ತು. ಏಪ್ರಿಲ್ 15ರಂದು ಅದು ಒಮ್ಮೆಲೇ ಮರಳಿ ಬಂತು.

ದೊಡ್ಡವರನ್ನೂ ಅದು ಬಿಡಲಿಲ್ಲ. ಅಮೆರಿಕದಿಂದ ಮರಳುತ್ತಿದ್ದ ಜರ್ಮನಿಯ ಚಾನ್ಸಲರ್ ಏಂಜೆಲಾ ಮರ್ಕೆಲ್ ಲಿಸ್ಬನ್ನಿನಲ್ಲಿ ಇಳಿದು, ರೋಮ್‌ಗೆ ಹಾರಿ, ಅಲ್ಲಿಂದ ರಸ್ತೆ ಹಿಡಿದು ತಮ್ಮ ದೇಶ ತಲುಪಿದರು. ವಿಮಾನ ದುರಂತದಲ್ಲಿ ಮಡಿದ ಪೋಲೆಂಡಿನ ಅಧ್ಯಕ್ಷ ಲೆಖ್ ಕಚಿನ್‌ಸ್ಕಿ ಅವರ ಅಂತ್ಯಕ್ರಿಯೆಗೆ ಒಬಾಮ ಸೇರಿದಂತೆ ಅನೇಕ ನಾಯಕರು ಬರಲಾಗಲಿಲ್ಲ. ಬಾರ್ಸಿಲೋನಾ ಫುಟ್‌ಬಾಲ್ ತಂಡ ಬಸ್ಸಿನಲ್ಲಿ ಮಿಲಾನ್‌ಗೆ ಹೋಗಿ ಇಂಟರ್ ತಂಡದ ಎದುರು 3-1ರಿಂದ ಸೋತಿತು. ನಟ ಜಾನ್ ಕ್ಲೀಸ್ ಓಸ್ಲೋದಿಂದ ಬ್ರಸೆಲ್ಸ್‌ವರೆಗೆ ಟ್ಯಾಕ್ಸಿ ಮಾಡಿಕೊಂಡು ಹೋದರು. ಅಷ್ಟು ಹಣವಿಲ್ಲದವರ ಪಾಡು ಬೇರೆ. ಫ್ರಾನ್ಸಿನ ರೈಲ್ವೆ ನೌಕರರು ಅದೇ ದಿನಗಳಲ್ಲಿ ಮುಷ್ಕರ ಹೂಡಿದ್ದರು. ಓಡುತ್ತಿದ್ದ ರೈಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಸ್ಪೇನಿನ ಸಾಂತಾಂದೇರ್ ಬಂದರಿನಿಂದ ಸೈನಿಕರನ್ನೂ, ಸಿಕ್ಕಿಬಿದ್ದ ಕೆಲವು ನಾಗರಿಕರನ್ನೂ ಕರೆತರಲು ಬ್ರಿಟನ್ ತನ್ನ ಯುದ್ಧನೌಕೆಯನ್ನೇ ಕಳಿಸಿತು. ದೂರದ ಕೆನ್ಯಾದಲ್ಲಿ ಯೂರೋಪಿಗೆ ಹೋಗಬೇಕಿದ್ದ ಗುಲಾಬಿಗಳು ಕೊಳೆತವು, ತೋಟದ ಕೂಲಿಯಾಳುಗಳಿಗೆ ಕೆಲಸ ತಪ್ಪಿತು. ರಜೆ ಕೆಟ್ಟ ಪ್ರವಾಸಿಗಿಂತ ಇವರ ನಷ್ಟ ದೊಡ್ಡದು, ಆದರೆ ಅದು ಸುದ್ದಿಯಾದದ್ದು ಕಡಿಮೆ.

ಆಕಾಶ ತಿಳಿಯಾಗಿಯೇ ಕಾಣುತ್ತಿದೆಯಲ್ಲ, ಹಾರಿದರೆ ಏನಾಗುತ್ತದೆ ಎಂದು ಸಿಕ್ಕಿಬಿದ್ದವರು ಕೇಳುತ್ತಿದ್ದರು. ಇದಕ್ಕೆ ಉತ್ತರ 1982ರಲ್ಲೇ ಸಿಕ್ಕಿತ್ತು. ಆ ವರ್ಷದ ಜೂನ್ 24ರ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ಜಾವಾದ ಬಳಿ ಗಲುಂಗ್ಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಿತು. ವಿಮಾನದ ರೇಡಾರ್ ತೇವವನ್ನು ಗುರುತಿಸುತ್ತದೆಯೇ ಹೊರತು ಒಣ ಬೂದಿಯನ್ನಲ್ಲ. ಒಂದಾದ ಮೇಲೊಂದರಂತೆ ನಾಲ್ಕೂ ಇಂಜಿನ್‌ಗಳು ನಿಂತವು. ಸುಮಾರು 37,000 ಅಡಿಯಿಂದ ತೇಲುತ್ತ ಇಳಿದ ವಿಮಾನದ ಇಂಜಿನ್‌ಗಳು ಬೂದಿಯಿಂದ ಹೊರಬಂದ ಮೇಲೆ ಮತ್ತೆ ಚಾಲೂ ಆಗಿ, ಅದು ಜಕಾರ್ತಾದಲ್ಲಿ ಇಳಿಯಿತು. ಮುಂದಿನ ಗಾಜು ಉಜ್ಜುಕಾಗದದಿಂದ ತಿಕ್ಕಿದಂತೆ ಮಸುಕಾಗಿತ್ತು. 1989ರ ಡಿಸೆಂಬರ್‌ನಲ್ಲಿ ಅಲಾಸ್ಕಾದ ಮೇಲೆ ಕೆಎಲ್ಎಂ ವಿಮಾನಕ್ಕೂ ಇದೇ ಗತಿಯಾಗಿ, ಅದೂ ಪಾರಾಯಿತು. ಇಂಜಿನ್ನಿನ ಒಳಗಿನ ಶಾಖಕ್ಕೆ ಬೂದಿ ಕರಗುತ್ತದೆ. ಟರ್ಬೈನಿನ ಭಾಗಗಳ ಮೇಲೆ ಗಾಜಾಗಿ ಅಂಟಿಕೊಂಡು ಗಾಳಿಯ ದಾರಿಯನ್ನೇ ಕಟ್ಟಿಬಿಡುತ್ತದೆ.

ಈ ಅನುಭವಗಳ ನಂತರ ಅಂತರರಾಷ್ಟ್ರೀಯ ವಿಮಾನಯಾನದಲ್ಲಿ ನೆಲೆನಿಂತ ಸೂತ್ರ ಒಂದೇ: ಬೂದಿ ಕಂಡರೆ ದೂರವಿರಿ. ಅಲಾಸ್ಕಾದಲ್ಲೋ ಸಾಗರದ ಮೇಲೋ ಅದನ್ನು ಪಾಲಿಸುವುದು ಸುಲಭ. ಬಳಸಿ ಹೋಗಲು ಜಾಗವಿದೆ. ಯೂರೋಪಿನಂಥ ದಟ್ಟ ಆಕಾಶದಲ್ಲಿ ಬಳಸುದಾರಿಯೇ ಇಲ್ಲ. ಹಾಗಾದರೆ ಎಷ್ಟು ಬೂದಿ ಇದ್ದರೆ ಅಪಾಯ? ಆ ಸಂಖ್ಯೆ ಯಾರ ಬಳಿಯೂ ಇರಲಿಲ್ಲ. ಒಂದು ಕೋಟಿ ಜನ ನಿಜವಾಗಿ ಕಾದದ್ದು ಈ ಸಂಖ್ಯೆಗಾಗಿ ಎನ್ನಬಹುದು.

ವಿಮಾನ ಕಂಪನಿಗಳು ಕೂಗೆಬ್ಬಿಸಿದವು. ಲುಫ್ತಾನ್ಸಾ, ಕೆಎಲ್ಎಂ ಪ್ರಯಾಣಿಕರಿಲ್ಲದ ವಿಮಾನಗಳನ್ನು ಪರೀಕ್ಷೆಗೆ ಹಾರಿಸಿದವು. ಬ್ರಿಟಿಷ್ ಏರ್‌ವೇಸ್‌ನ ಮುಖ್ಯಸ್ಥ ವಿಲ್ಲಿ ವಾಲ್ಶ್ ತಾವೇ ಅಂಥದೊಂದು ವಿಮಾನದಲ್ಲಿ ಕುಳಿತು ಸುತ್ತಿ ಬಂದರು. ಏನೂ ಆಗಲಿಲ್ಲ. ಇತ್ತ ಫಿನ್ಲೆಂಡಿನ ವಾಯುಪಡೆಯ ಯುದ್ಧವಿಮಾನಗಳ ಇಂಜಿನ್‌ಗಳಲ್ಲಿ ಕರಗಿದ ಬೂದಿ ಪತ್ತೆಯಾಯಿತು. ಕೊನೆಗೆ ಇಂಜಿನ್ ತಯಾರಕರೊಡನೆ ಚರ್ಚಿಸಿ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಏಪ್ರಿಲ್ 20ರ ರಾತ್ರಿ ಒಂದು ಮಿತಿಯನ್ನು ಒಪ್ಪಿತು. ಒಂದು ಘನ ಮೀಟರ್ ಗಾಳಿಯಲ್ಲಿ 2 ಮಿಲಿಗ್ರಾಂ ಬೂದಿಯವರೆಗೆ, ತಕ್ಕ ತಪಾಸಣೆಯೊಡನೆ ಹಾರಬಹುದು. ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ ತೂಕ ಅದು. ವಿಮಾನಗಳು ಮತ್ತೆ ಮೇಲೆದ್ದವು. ಹಾಗೆಂದು ಮೊದಲಿನ ಎಚ್ಚರ ಅತಿಯಾಯಿತು ಎನ್ನುವುದು ಸರಿಯಲ್ಲ. ಕೋಪನ್‌ಹೇಗನ್ ಮತ್ತು ಐಸ್‌ಲ್ಯಾಂಡ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಆ ಬೂದಿಯನ್ನು ಎರಡು ವಾರ ನೀರಿನಲ್ಲಿ ಕಲಕಿ ನೋಡಿದರು; ಕಣಗಳ ಚೂಪು ಮೊಂಡಾಗಲಿಲ್ಲ. ವಿಮಾನಗಳನ್ನು ನಿಲ್ಲಿಸಿದ್ದು ಸರಿ ಎಂದು 2011ರಲ್ಲಿ ಅವರು ಬರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಐಸ್‌ಲ್ಯಾಂಡಿನ ಗ್ರಿಮ್ಸ್‌ವೋಟ್ನ್ ಇನ್ನೂ ಜೋರಾಗಿ ಸಿಡಿಯಿತು. ಆಗ ರದ್ದಾದದ್ದು ಸುಮಾರು 900 ಹಾರಾಟಗಳು ಮಾತ್ರ. ಅದರ ಬೂದಿ ದಪ್ಪನಾಗಿದ್ದು ಬೇಗ ಕೆಳಗಿಳಿಯಿತು ಎಂಬುದೂ ನಿಜ, ಆದರೆ ಈ ಸಲ ಅಧಿಕಾರಿಗಳ ಕೈಯಲ್ಲಿ ಒಂದು ಅಳತೆಗೋಲಿತ್ತು.

ಇನ್ನು ಖರ್ಚಿನ ಮಾತು. ಐರೋಪ್ಯ ಒಕ್ಕೂಟದ 2004ರ ನಿಯಮದ ಪ್ರಕಾರ, ಹಾರಾಟ ರದ್ದಾದರೆ ಕಂಪನಿಯೇ ಪ್ರಯಾಣಿಕರಿಗೆ ಊಟ, ವಸತಿ ಒದಗಿಸಬೇಕು. ಪ್ರಕೃತಿ ವಿಕೋಪವಾದರೆ ಪರಿಹಾರಧನ ಕೊಡಬೇಕಿಲ್ಲ, ಆದರೆ ಊಟ, ವಸತಿ ತಪ್ಪುವುದಿಲ್ಲ. ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಬಹುಶಃ ಒಂದೆರಡು ರಾತ್ರಿಯ ವಿಳಂಬ. ಪೋರ್ಚುಗಲ್‌ನ ಫಾರೋದಿಂದ ಡಬ್ಲಿನ್‌ಗೆ ಏಪ್ರಿಲ್ 17ರಂದು ಹೊರಡಬೇಕಿದ್ದ ಒಬ್ಬ ಮಹಿಳೆ ಊರು ತಲುಪಿದ್ದು 24ರಂದು. ಆ ದಿನಗಳ ಊಟ, ವಸತಿ, ಓಡಾಟಕ್ಕೆ ತಗುಲಿದ ಸುಮಾರು 1,130 ಯೂರೋ ಕೊಡಬೇಕೆಂದು ಅವರು ರಯಾನ್‌ಏರ್ ಕಂಪನಿಯ ವಿರುದ್ಧ ದಾವೆ ಹೂಡಿದರು. ಇದು ಅಸಾಧಾರಣವನ್ನೂ ಮೀರಿದ ಸಂದರ್ಭ, ಇಲ್ಲಿ ಆ ನಿಯಮ ಅನ್ವಯಿಸದು ಎಂದು ಕಂಪನಿ ವಾದಿಸಿತು. ಅಂಥ ಬೇರೊಂದು ವರ್ಗ ಕಾನೂನಿನಲ್ಲಿಲ್ಲ ಎಂದು ಐರೋಪ್ಯ ನ್ಯಾಯಾಲಯ 2013ರ ಜನವರಿ 31ರಂದು ತೀರ್ಪಿತ್ತಿತು. ಈ ಹೊಣೆಗೆ ದಿನಗಳ ಮಿತಿಯಿಲ್ಲ, ಹಣದ ಮಿತಿಯೂ ಇಲ್ಲ. ಖರ್ಚು ಅಗತ್ಯವಾದದ್ದೂ ನ್ಯಾಯವಾದದ್ದೂ ಆಗಿದ್ದರೆ ಸಾಕು. ಪ್ರಯಾಣಿಕ ಹೆಚ್ಚು ದಿನ ಸಿಕ್ಕಿಬಿದ್ದಷ್ಟೂ ಅವನಿಗೆ ಆಸರೆ ಹೆಚ್ಚು ಬೇಕು ಎಂಬುದು ನ್ಯಾಯಾಲಯದ ತರ್ಕ. ಆಕಾಶದ ಬೂದಿಗೆ ಮಿತಿ ಸಿಕ್ಕಿತು, ನೆಲದ ಮೇಲಿನ ಹೊಣೆಗೆ ಅದನ್ನು ಹಾಕಲು ನ್ಯಾಯಾಧೀಶರು ಒಪ್ಪಲಿಲ್ಲ.

ಕಂಪನಿ ಮಾತ್ರ ಈ ತೀರ್ಪಿಗೆ ಕಾದು ಕೂತಿರಲಿಲ್ಲ. ಇಂಥ ಖರ್ಚು ತುಂಬಿಕೊಳ್ಳಲೆಂದು 2011ರ ಏಪ್ರಿಲ್‌ನಿಂದಲೇ ಅದು ಪ್ರತಿ ಪ್ರಯಾಣಿಕರ ಟಿಕೆಟ್ಟಿಗೆ 2 ಯೂರೋ ಸೇರಿಸಿತ್ತು.