ಮೂಲೆ ಸೇರಿದ ಗಣಕಕ್ಕೆ ಮರುಹುಟ್ಟು

ಕೇಳಿದವರಿಗೆ ಪುಟಗಳನ್ನು ಒದಗಿಸುವ ಗಣಕವೇ ವೆಬ್ ಸರ್ವರ್. ಅದಕ್ಕೆ ಭಾರಿ ಯಂತ್ರವೇ ಬೇಕೆಂದು ನಾವು ತಿಳಿದಿದ್ದೆವು. ಆದರೆ 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಮೊದಲ ವೆಬ್ ಸರ್ವರನ್ನು ನಡೆಸಿದುದು ಮೇಜಿನ ಮೇಲಿನ ಒಂದು ಗಣಕದಲ್ಲಿ. ಯಾರೂ ಆರಿಸದಿರಲೆಂದು ಅದಕ್ಕೊಂದು ಚೀಟಿಯನ್ನೂ ಅಂಟಿಸಿದ್ದರು!

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ, ನಮ್ಮ ಹಳೆಯ ಗಣಕವನ್ನು ಗುಜರಿಗೆ ಹಾಕುವುದರಲ್ಲಿದ್ದೆವು. ಬದಲಿಗೆ ಉಚಿತವಾಗಿ ದೊರೆಯುವ ಡೆಬಿಯನ್ ಲಿನಕ್ಸನ್ನೂ ಅಪಾಚೆ ಎಂಬ ಸರ್ವರ್ ತಂತ್ರಾಂಶವನ್ನೂ ಅದಕ್ಕೆ ಹಾಕಿದೆವು. ತಂತಿಯಿಂದ ರೌಟರಿಗೆ ಜೋಡಿಸಿ, ಬದಲಾಗದ ವಿಳಾಸವೊಂದನ್ನು ಗೊತ್ತುಮಾಡಿದೆವು. ಈಗ ಮನೆಯ ಯಾವ ಫೋನಿನಲ್ಲಿ ಆ ವಿಳಾಸ ಒತ್ತಿದರೂ ಊರಿನಲ್ಲಿ ಅಜ್ಜಿ ಹಾಡಿದ ಸೋಬಾನೆ ಪದ ಕೇಳುತ್ತದೆ. ಬೀದಿಯಲ್ಲಿ ಮರಾಠಿ ಆಡಿ ಬರುವ ನಮ್ಮ ಮಕ್ಕಳು ಅದಕ್ಕೆ ದನಿಗೂಡಿಸುತ್ತಾರೆ.

ಕಳ್ಳಗಣ್ಣಿಗೆ ಎಡೆಯಾಗದಂತೆ ಹೊರಗಿನ ಜಾಲಕ್ಕೆ ನಾವು ಬಾಗಿಲು ತೆರೆದಿಲ್ಲ. 50 ವ್ಯಾಟಿನ ಯಂತ್ರ ಹಗಲಿರುಳು ನಡೆದರೆ 30 ದಿನಕ್ಕೆ 36 ಯೂನಿಟ್ಟು. ಆದುದರಿಂದ ರಾತ್ರಿ ಆರಿಸುತ್ತೇವೆ. ನಮ್ಮದಕ್ಕೆ ಆ ಚೀಟಿ ಬೇಡ!

ಹಿಂದೊಮ್ಮೆ ಡಿಸ್ಕು ಕೆಟ್ಟು ಮದುವೆಯ ಚಿತ್ರಗಳನ್ನು ಕಳೆದುಕೊಂಡ ಮೇಲೆ ನಮಗೆ ಬುದ್ಧಿ ಬಂದಿದೆ. ಎಲ್ಲಕ್ಕೂ ಬೇರೊಂದು ಡಿಸ್ಕಿನಲ್ಲಿ ಪ್ರತಿ ಇಟ್ಟಿದ್ದೇವೆ. ಯಂತ್ರ ಇನ್ನೊಂದು ಸಿಕ್ಕೀತು. ಅಜ್ಜಿಯ ದನಿ ಸಿಕ್ಕೀತೆ?