ಹಾಡು ಎಲ್ಲರದ್ದು, ಹೆಸರು ಯಾರದ್ದು?

ಮದರಂಗಿ ರಾತ್ರಿಗೆಂದು ನಮ್ಮ ಮಾಮಿ ಒಂದು ಬ್ಯಾರಿ ಹಾಡು ಕಟ್ಟಿದ್ದರು. ಮದುಮಗಳ ಹೆಸರು, ಅವಳು ಆಡಿ ಬೆಳೆದ ಗದ್ದೆಯ ಹುಣಿ, ಅಜ್ಜಿ ಸುಡುವ ಪತ್ತಿರ್ ಎಲ್ಲವೂ ಅದರಲ್ಲಿತ್ತು. ಹುಡುಗಿಯರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಯ ಗ್ರೂಪಿಗೆ ಹಾಕಿದರು. ಅಲ್ಲಿಂದ ಅದು ದುಬೈಗೆ ಹೋಯಿತು, ದಮ್ಮಾಮಿಗೆ ಹೋಯಿತು. ಕೆಲವು ತಿಂಗಳ ನಂತರ ಮಾಮಿಯ ಮೊಬೈಲಿಗೇ ತಿರುಗಿ ಬಂತು. ಮದುಮಗಳ ಹೆಸರು ಬದಲಾಗಿತ್ತು, ಸ್ವರ ಬೇರೆಯವರದ್ದು, ‘ರಚನೆ’ ಎಂಬಲ್ಲಿ ನಮಗೆ ಪರಿಚಯವೇ ಇಲ್ಲದ ಒಬ್ಬರ ಹೆಸರು!

ಮಾಮಿ ಜಗಳ ಮಾಡಲಿಲ್ಲ. “ಹಾಡಲಿ ಬಿಡಿ, ಸಂತೋಷವೇ. ಆದರೆ ನಾನು ಬರೆದದ್ದು ಅಂತ ಇನ್ನು ಯಾರಿಗೆ ಹೇಳುವುದು?” ಎಂದರು ಅಷ್ಟೆ.

ಒಂದು ಕಾಲದಲ್ಲಿ ನಮ್ಮ ಹೆಂಗಸರ ಹಾಡು ಮನೆಯ ಚಾವಡಿ ದಾಟುತ್ತಿರಲಿಲ್ಲ. ಈಗ ಕೈಯಲ್ಲಿ ಮೊಬೈಲ್ ಇರುವ ಎಲ್ಲರೂ ಬರೆಯುವವರೇ, ಹಾಡುವವರೇ, ಹಂಚುವವರೇ. ಇದು ಸಣ್ಣ ಲಾಭವಲ್ಲ. ಆದರೆ ಹಂಚುವಾಗ ಮೊದಲು ಉದುರಿ ಬೀಳುವುದು ಕಟ್ಟಿದವರ ಹೆಸರು. ವಾಟ್ಸ್ಆ್ಯಪ್ 2018ರಿಂದ ‘ಫಾರ್ವರ್ಡೆಡ್’ ಎಂಬ ಗುರುತು ಹಾಕುತ್ತಿದೆ. ಬೇರೆ ಕಡೆಯಿಂದ ಬಂದದ್ದು ಎಂದು ಅದು ಹೇಳುತ್ತದೆ. ಯಾರಿಂದ ಹುಟ್ಟಿತು ಎಂದು ಹೇಳುವುದಿಲ್ಲ.

ಹಿಂದಿನವರು ಇದಕ್ಕೆ ಒಳ್ಳೆಯ ಉಪಾಯ ಮಾಡಿದ್ದರು. ಕಲ್ಲಿಕೋಟೆಯ ಖಾಝಿ ಮುಹಮ್ಮದ್ 1607ರಲ್ಲಿ ರಚಿಸಿದ ‘ಮುಹಿಯುದ್ದೀನ್ ಮಾಲೆ’ಯಲ್ಲಿ ತಮ್ಮ ಹೆಸರನ್ನೂ ಬರೆದ ವರ್ಷವನ್ನೂ ಹಾಡಿನೊಳಗೇ ಸೇರಿಸಿಬಿಟ್ಟರು. ಕನ್ನಡದ ದಾಸರಿಗೂ ವಚನಕಾರರಿಗೂ ಅಂಕಿತ ಇತ್ತು. ‘ಪುರಂದರ ವಿಠಲ’ ಎಂದು ಬಂದ ಕೂಡಲೇ ಯಾರದ್ದೆಂದು ತಿಳಿಯುತ್ತದೆ. ಬಾಯಿಂದ ಬಾಯಿಗೆ ಹೋದರೂ ಹೆಸರು ಜೊತೆಗೇ ಹೋಗುತ್ತಿತ್ತು.

ಕಾನೂನು ಕೂಡ ಬರೆದವರ ಪರವಾಗಿಯೇ ಉಂಟು. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೂ ‘ಇದು ನಾನು ಬರೆದದ್ದು’ ಎಂದು ಹೇಳುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಆದರೆ ಒಂದು ಮದುವೆ ಹಾಡಿಗಾಗಿ ಕೋರ್ಟು ಹತ್ತುವವರು ಯಾರು? ಇಲ್ಲಿ ಕಾನೂನಿಗಿಂತ ಮರ್ಯಾದೆ ದೊಡ್ಡದು.

ಎಲ್ಲರೂ ಸೇರಿ ಬರೆದರೆ ಹೆಸರು ಅಳಿಯಲೇಬೇಕು ಎಂದೇನಿಲ್ಲ. ವಿಕಿಪೀಡಿಯವನ್ನೇ ನೋಡಿ. ಅಲ್ಲಿ ಯಾರು ಬೇಕಾದರೂ ತಿದ್ದಬಹುದು. ಆದರೆ ಪ್ರತಿ ಲೇಖನದ ‘ಇತಿಹಾಸ’ದಲ್ಲಿ ಯಾರು, ಯಾವ ದಿನ, ಯಾವ ಸಾಲು ಸೇರಿಸಿದರು ಎಂಬ ಲೆಕ್ಕ ಇರುತ್ತದೆ. ನಮ್ಮ ನೆರೆಯ ತುಳು ಭಾಷೆಗೆ 2016ರಲ್ಲಿ ಅದರದ್ದೇ ವಿಕಿಪೀಡಿಯ ಬಂತು. ಹೆಚ್ಚಾಗಿ ಬಾಯಿಮಾತಿನಲ್ಲೇ ಉಳಿದು ಬಂದ ನಮ್ಮ ಬ್ಯಾರಿ ಭಾಷೆಗೆ ಇಂಥ ಲೆಕ್ಕ ಇನ್ನೂ ಹೆಚ್ಚು ಅಗತ್ಯ. ಹಾಡಿದವರ ಹೆಸರು ಹೋದರೆ ಆ ಹಾಡಿನ ಊರೂ ಕಾಲವೂ ಅದರ ಜೊತೆಗೇ ಹೋಗುತ್ತವೆ.

ಇನ್ನೊಂದು ಮಾತೂ ಇದೆ. ಎಲ್ಲರಿಗೂ ಹೆಸರು ಬೇಕೆಂದಿಲ್ಲ. ಕೆಲವರಿಗೆ ಹಾಡು ಹೋದರೆ ಸಾಕು, ತಮ್ಮ ಸ್ವರ ಊರೆಲ್ಲ ಕೇಳುವುದು ಬೇಡ. ಅದೂ ಅವರ ಹಕ್ಕೇ. ಹೆಸರು ಹಾಕುವುದೋ ಬಿಡುವುದೋ ಎಂದು ತೀರ್ಮಾನಿಸಬೇಕಾದವರು ಅವರು, ಮೊಬೈಲ್ ಹಿಡಿದ ನಾವಲ್ಲ. ಆದ್ದರಿಂದ ರೆಕಾರ್ಡ್ ಒತ್ತುವ ಮೊದಲು ಒಂದು ಮಾತು ಕೇಳೋಣ. ಒಪ್ಪಿದರೆ ಕಟ್ಟಿದವರು, ಹಾಡಿದವರು, ಊರು, ವರ್ಷ ಇಷ್ಟನ್ನು ಹಾಡಿನ ಆರಂಭದಲ್ಲೇ ಬಾಯಲ್ಲಿ ಹೇಳಿಸೋಣ. ಕೆಳಗೆ ಟೈಪ್ ಮಾಡಿದ್ದನ್ನು ಅಳಿಸುವುದು ಸುಲಭ, ಸ್ವರದೊಳಗೆ ಇದ್ದದ್ದು ಹಾಡಿನ ಜೊತೆಗೇ ಹೋಗುತ್ತದೆ. ಅಜ್ಜಿಯಿಂದ ಕಲಿತ ಹಳೆಯ ಹಾಡಾದರೆ ‘ರಚನೆ’ ಎಂದು ನಮ್ಮ ಹೆಸರು ಹಾಕುವುದು ಬೇಡ. ‘ಇಂಥವರಿಂದ ಕೇಳಿದ್ದು’ ಎಂದರೆ ಸಾಕು.

ಮೊನ್ನೆ ಮಾಮಿ ಅದೇ ಹಾಡನ್ನು ಮತ್ತೆ ಹಾಡಿದರು. ಈ ಸಲ ಕೊನೆಯ ಸಾಲಿನಲ್ಲಿ ತಮ್ಮ ಹೆಸರನ್ನೂ ಸೇರಿಸಿದ್ದರು. “ಇನ್ನು ಎಲ್ಲಿಗೆ ಬೇಕಾದರೂ ಕಳಿಸಿ” ಎಂದು ನಕ್ಕರು.